ಅದ್ಭುತವೂ ಔಚಿತ್ಯವೂ: ‘ಕೆ.ಜಿ.ಎಫ್.’ ಚಿತ್ರಗಳ ಕಥಾಬಂಧ

ಲೋಕದಲ್ಲಿ ನಡೆಯಲಾರದ ಸಂಗತಿಯೊಂದು ಕಥೆಯಲ್ಲಿ ನಡೆದ ಮಾತ್ರಕ್ಕೆ ಅದು ದೋಷವಾಗುವುದಿಲ್ಲ. ಹಾಗಾಗುವುದಾದರೆ ಹನುಮಂತನು ಕಡಲನ್ನು ದಾಟುವಂತಿಲ್ಲ. ಭೀಮನು ಬಕನಿಗೆಂದು ಒಯ್ದ ಬಂಡಿಯ ಅನ್ನವನ್ನು ತಾನೊಬ್ಬನೇ ಉಣ್ಣುವಂತಿಲ್ಲ. ನಮ್ಮ ಮನೆಗಳ ಅಜ್ಜಿಯರು ಹೇಳುವ ಕಥೆಯ ರಾಕ್ಷಸನು ತನ್ನ ಪ್ರಾಣವನ್ನು ಏಳು ಸಮುದ್ರಗಳಾಚೆಯ ಗಿಣಿಯೊಂದರಲ್ಲಿ ಇರಿಸುವಂತಿಲ್ಲ. ಅದ್ಭುತವನ್ನೂ ನಮ್ಮವರು ನವರಸಗಳಲ್ಲಿ ಒಂದೆಂದು ಎಣಿಸಿದರಷ್ಟೆ. ಆದರೆ ಆ ಅಜ್ಜಿಯ ಕಥೆಯನ್ನೇ ಸ್ವಲ್ಪ ಸೂಕ್ಷ್ಮವಾಗಿ ನೋಡಬೇಕು. ಗಿಣಿಯ ಕೊರಳನ್ನು ಮುರಿದ ಕ್ಷಣದಲ್ಲಿ ರಾಕ್ಷಸನು ಸಾಯಲೇಬೇಕು. ಮುರಿದ ಮೇಲೂ ಅವನು ಎದ್ದು ಬಂದನೆಂದು ಅಜ್ಜಿ ಹೇಳಿದರೆ, ಕೇಳುತ್ತಿರುವ ಐದು ವರುಷದ ಮಗುವೇ ‘ಅದು ಹೇಗೆ?’ ಎಂದು ಎದ್ದು ಕೂರುವುದು. ಪ್ರಾಣವು ಗಿಣಿಯಲ್ಲಿತ್ತೆಂಬುದನ್ನು ಪ್ರಶ್ನಿಸದೆ ನಂಬಿದ ಮಗು ಇದನ್ನು ಮಾತ್ರ ನಂಬದು. ಮೊದಲನೆಯದು ಅಸಂಭವ, ಎರಡನೆಯದು ಅಸಂಗತ. ಅಸಂಭವವನ್ನು ಸಹೃದಯನು ಸಂತೋಷದಿಂದ ಒಪ್ಪುವನು, ಅಸಂಗತವನ್ನು ಒಪ್ಪನು.

ಈ ವಿವೇಕವು ಹೊಸದಲ್ಲ. ರಸವು ಕೆಡುವುದಕ್ಕೆ ಅನೌಚಿತ್ಯವೇ ಮೂಲವೆಂದು ಆನಂದವರ್ಧನನು ಕಂಡುಕೊಂಡನು. ಕ್ಷೇಮೇಂದ್ರನು ಔಚಿತ್ಯವಿಚಾರಕ್ಕೆಂದೇ ಒಂದು ಗ್ರಂಥವನ್ನು ಬರೆದನು. ಗ್ರೀಸಿನ ಅರಿಸ್ಟಾಟಲನೂ ಕಥೆಗಾರನು ಆಗದುದನ್ನು ಹೇಳಬಹುದು, ಆದರೆ ಅದನ್ನು ನಂಬುವಂತೆ ಹೇಳಬೇಕೆಂದು ಬಗೆದನು. ಇವರು ಮೂವರೂ ಕಂಡ ಸತ್ಯವು ಒಂದೇ. ಕಥೆ ಯಾವ ಲೋಕವನ್ನಾದರೂ ಕಟ್ಟಿಕೊಳ್ಳಲಿ. ಕಟ್ಟಿಕೊಂಡ ಲೋಕದ ಕಟ್ಟಳೆಗೆ ತಾನೇ ಬದ್ಧವಾಗಿರಲಿ.

ಇಂದಿನ ಚಲಚ್ಚಿತ್ರಗಳಲ್ಲಿ ಈ ಅದ್ಭುತದ ಭಾರವನ್ನು ಹೊರುತ್ತಿರುವವನು ಸೂಪರ್ ಹೀರೋ ಎನಿಸಿಕೊಂಡ ಅತಿಮಾನವ ವೀರ. ೧೯೩೮ರಲ್ಲಿ ಜೆರಿ ಸೀಗಲ್ ಮತ್ತು ಜೋ ಶಸ್ಟರ್ ಎಂಬ ಇಬ್ಬರು ತರುಣರು ಅಮೆರಿಕದ ಚಿತ್ರಪತ್ರಿಕೆಯೊಂದರಲ್ಲಿ ಸೂಪರ್‌ಮ್ಯಾನ್ ಎಂಬ ವೀರನನ್ನು ಲೋಕಕ್ಕೆ ಪರಿಚಯ ಮಾಡಿಸಿದರು. ಅವನ ಮೇಲೆ ೧೯೭೮ರಲ್ಲಿ ಬಂದ ಚಲಚ್ಚಿತ್ರವು ಬಹು ಜನಪ್ರಿಯವಾಯಿತು. ಅದರ ಕೊನೆಯಲ್ಲಿ ನಾಯಕನು ತನ್ನ ಪ್ರಿಯೆ ಸತ್ತುದನ್ನು ಕಂಡು, ಭೂಮಂಡಲವನ್ನು ವೇಗದಿಂದ ಸುತ್ತಿ ಕಾಲವನ್ನೇ ಹಿಂದಕ್ಕೆ ತಿರುಗಿಸಿ ಅವಳನ್ನು ಬದುಕಿಸುತ್ತಾನೆ. ಕಾಲವನ್ನು ಹಿಂದಿರುಗಿಸಬಲ್ಲವನಿಗೆ ಇನ್ನು ಯಾವ ನಷ್ಟವುಂಟು? ಅಲ್ಲಿಯವರೆಗೆ ಪ್ರೇಕ್ಷಕನು ಪಟ್ಟ ಆತಂಕವೆಲ್ಲ ಒಂದು ಕ್ಷಣದಲ್ಲಿ ವ್ಯರ್ಥವಾಯಿತು. ಬಲಕ್ಕೆ ಮೇರೆಯಿಲ್ಲದಲ್ಲಿ ಕಥೆಗೆ ನಿಲ್ಲಲು ನೆಲವಿಲ್ಲವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಅತಿಮಾನವ ವೀರನ ಕಥೆಗಾಗಿ ನಾವು ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಮಳವಳ್ಳಿ, ಮದ್ದೂರು ಸೀಮೆಗಳಲ್ಲಿ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿಯ ಕಾವ್ಯದಲ್ಲಿ ಸಿದ್ದಪ್ಪಾಜಿಯಿದ್ದಾನೆ. ನಿಡುಘಟ್ಟದ ಪಾಂಚಾಳರ ಮಗನಾದ ಕೆಂಪಾಚಾರಿಯೇ ಗುರುವಿನ ಶಿಷ್ಯನಾಗಿ ಸಿದ್ದಪ್ಪಾಜಿಯಾಗುವನು. ಹಲಗೂರಿನ ಪಾಂಚಾಳರಿಂದ ಕಬ್ಬಿಣವನ್ನು ಭಿಕ್ಷೆಯಾಗಿ ತರಲು ಗುರುವು ಅವನನ್ನು ಕಳುಹಿಸುವನು. ಅವರು ಇರುವ ಕಬ್ಬಿಣವನ್ನು ಇಲ್ಲವೆನ್ನುವರು, ಅವನನ್ನು ಬಗೆಬಗೆಯ ಪರೀಕ್ಷೆಗಳಿಗೆ ಒಡ್ಡುವರು, ವಿಷವನ್ನೂ ಉಣಿಸುವರು. ಅವನು ಎಲ್ಲವನ್ನೂ ಗೆಲ್ಲುವನು. ಇಲ್ಲಿ ಅಸಂಭವಕ್ಕೆ ಕೊರತೆಯಿಲ್ಲ. ಆದರೆ ಬಲವು ಅವನ ಸ್ವಂತದ್ದಲ್ಲ, ಗುರುವಿನದು. ಅದನ್ನು ಪಡೆಯಲು ಅವನು ಮನೆಯನ್ನೂ ತಾಯಿತಂದೆಗಳನ್ನೂ ಬಿಟ್ಟಿದ್ದಾನೆ. ಅವನು ಬೇಡಬೇಕಾದದ್ದು ತನ್ನ ಕುಲದವರನ್ನೇ. ಅವರ ಸುಳ್ಳಿಗೆ ಅವರ ಊರೇ ಬೆಲೆ ತೆರುತ್ತದೆ. ಪ್ರತಿಯೊಂದು ಪವಾಡಕ್ಕೂ ಒಂದು ಕಾರಣ, ಒಂದು ಬೆಲೆ, ಒಂದು ಮೇರೆ. ರಾತ್ರಿಯೆಲ್ಲ ಕುಳಿತು ಕೇಳುವ ಒಕ್ಕಲುಮಕ್ಕಳು ‘ಇದು ಹೇಗೆ?’ ಎಂದು ಕೇಳದಿರುವುದು ಅವರು ಮುಗ್ಧರಾದುದರಿಂದಲ್ಲ. ಕಥೆ ಅವರಿಗೆ ಹಾಗೆ ಕೇಳುವ ಸಂದರ್ಭವನ್ನೇ ಕೊಡದಿರುವುದರಿಂದ.

ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು, ಕನ್ನಡದ ಅತ್ಯಂತ ಪ್ರಸಿದ್ಧ ಅತಿಮಾನವ ವೀರನ ಕಥೆಯನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಪ್ರಶಾಂತ್ ನೀಲ್ ಅವರು ಬರೆದು ನಿರ್ದೇಶಿಸಿದ, ಯಶ್ ಅವರು ನಾಯಕರಾದ ‘ಕೆ.ಜಿ.ಎಫ್.’ ಚಿತ್ರದ ಮೊದಲ ಭಾಗವು ೨೦೧೮ರ ಡಿಸೆಂಬರಿನಲ್ಲಿಯೂ ಎರಡನೆಯ ಭಾಗವು ೨೦೨೨ರ ಏಪ್ರಿಲಿನಲ್ಲಿಯೂ ತೆರೆಕಂಡವು. ಎರಡನೆಯದು ಲೋಕದಾದ್ಯಂತ ಸಾವಿರ ಕೋಟಿ ರೂಪಾಯಿಗಳಿಗೂ ಮೀರಿ ಗಳಿಸಿತು. ಕನ್ನಡದ ಚಿತ್ರವೊಂದನ್ನು ಭರತಖಂಡದ ಎಲ್ಲ ಮೂಲೆಗಳ ಜನ ಹೀಗೆ ಮುಗಿಬಿದ್ದು ನೋಡಿದುದು ಅದಕ್ಕೆ ಮೊದಲು ಇರಲಿಲ್ಲ. ಇದು ನಮಗೆಲ್ಲ ಸಂತೋಷದ ವಿಷಯವೇ. ಇದರ ನಾಯಕ ರಾಕಿಯು ಬೇರೆ ಗ್ರಹದಿಂದ ಬಂದವನಲ್ಲ, ಹಾರುವುದಿಲ್ಲ, ಬೆನ್ನ ಮೇಲೆ ಕೆಂಪು ವಸ್ತ್ರವಿಲ್ಲ. ಆದರೂ ನೂರು ಬಂದೂಕುಗಳ ನಡುವೆ ನಡೆದು ಹೋಗಬಲ್ಲ ಅವನನ್ನು ಅತಿಮಾನವನೆನ್ನದೆ ಮತ್ತೇನೆನ್ನಬೇಕು?

ಗುಣವನ್ನು ಮೊದಲು ಹೇಳುವುದು ನ್ಯಾಯ. ಭುವನ್ ಗೌಡರ ಛಾಯಾಗ್ರಹಣವೂ ರವಿ ಬಸ್ರೂರರ ಸಂಗೀತವೂ ಕಲ್ಲು, ಧೂಳು, ಬೆಂಕಿಗಳ ಆ ಲೋಕವನ್ನು ಕಣ್ಣಿಗೆ ಕಟ್ಟುವಂತೆ ನಿಲ್ಲಿಸಿವೆ. ಮೊದಲ ಭಾಗಕ್ಕೆ ಸಾಹಸ ಸಂಯೋಜನೆಗೂ ವಿಶೇಷ ದೃಶ್ಯಪರಿಣಾಮಗಳಿಗೂ ರಾಷ್ಟ್ರಪ್ರಶಸ್ತಿಗಳು ಬಂದುವು, ಅವು ಅರ್ಹವಾದುವೇ. ಕಥೆಯಲ್ಲಿಯೂ ಎರಡು ಒಳ್ಳೆಯ ಎಳೆಗಳಿವೆ. ಸಾಯುವ ಬಡತಾಯಿ ಮಗನಿಂದ ಪಡೆವ ಭಾಷೆ ಒಂದು. ಮಗನು ಬಾಳಿನಲ್ಲಿ ಏನೇ ಆಗಲಿ, ಸಾಯುವಾಗ ಸಿರಿವಂತನಾಗಿ ಸಾಯಬೇಕೆಂಬ ಆ ಭಾಷೆಯಲ್ಲಿ ವರವೂ ಶಾಪವೂ ಒಟ್ಟಿಗೆ ಇವೆ; ದೊಡ್ಡ ದುರಂತವೊಂದರ ಬೀಜ ಅದು. ಇನ್ನೊಂದು, ಮೊದಲ ಭಾಗದ ಉತ್ತರಾರ್ಧ. ಗರುಡನನ್ನು ಕೊಲ್ಲಲು ಬಂದ ನಾಯಕನು ನರಾಚಿಯೆಂಬ ಗುಪ್ತ ಗಣಿಯಲ್ಲಿ ಕೂಲಿಗಳ ನಡುವೆ ತಾನೂ ಕೂಲಿಯಾಗಿ ಸೇರಿ, ಕಣ್ಣೆದುರಿನ ಕ್ರೌರ್ಯವನ್ನು ಕಂಡೂ ತನ್ನ ಕೆಲಸಕ್ಕಾಗಿ ಸುಮ್ಮನಿರುತ್ತಾನೆ. ಕಡೆಗೆ ಕಣ್ಣು ಕಾಣದ ಒಬ್ಬ ಮುದುಕನನ್ನು ಕಾವಲುಗಾರರು ಕೊಲ್ಲಹೊರಟಾಗ ಆ ಮೌನವು ಒಡೆಯುತ್ತದೆ. ಅಲ್ಲಿ ಒಬ್ಬನು ಹತ್ತಾರು ಮಂದಿಯನ್ನು ಕೆಡವುವುದು ಅಸಂಭವವೇ ಸರಿ, ಆದರೆ ಅಸಂಗತವಲ್ಲ. ಅದುಮಿಟ್ಟ ಕೋಪವು ಅಷ್ಟು ಕಾಲ ಕೂಡಿದುದನ್ನು ನಾವು ಕಂಡಿದ್ದೇವೆ. ಪವಾಡಕ್ಕೆ ಬೆಲೆ ತೆತ್ತಾಗಿದೆ.

ಇಷ್ಟನ್ನು ಒಪ್ಪಿಕೊಂಡ ಮೇಲೆ ಕಥಾಬಂಧದ ಬಿರುಕುಗಳನ್ನು ನೋಡೋಣ.

ಮೊದಲನೆಯದು ಗಣಿಯದೇ. ೧೯೫೧ರಲ್ಲಿ, ನಾಯಕನು ಹುಟ್ಟಿದ ದಿನವೇ, ಅಲ್ಲಿ ಚಿನ್ನವು ಪತ್ತೆಯಾಯಿತೆಂದೂ ಸುಣ್ಣಕಲ್ಲಿನ ಗಣಿಯೆಂಬ ನೆಪದಲ್ಲಿ ಅದನ್ನು ದಶಕಗಳ ಕಾಲ ಮುಚ್ಚಿಟ್ಟರೆಂದೂ ಕಥೆ ಹೇಳುತ್ತದೆ. ಚರಿತ್ರೆಯ ಕೋಲಾರದ ಗಣಿಗಳನ್ನು ಜಾನ್ ಟೇಲರ್ ಕಂಪೆನಿಯವರು ೧೮೮೦ರಿಂದಲೇ ನಡೆಸುತ್ತಿದ್ದರೆಂದು ಇಲ್ಲಿ ಆಕ್ಷೇಪಿಸತಕ್ಕುದಿಲ್ಲ. ಕಲ್ಪನೆಗೆ ಅಷ್ಟು ಸ್ವಾತಂತ್ರ್ಯವಿರಬೇಕು. ನಮ್ಮ ಪ್ರಶ್ನೆ ಬೇರೆ. ಚಿನ್ನವು ಆಲೂಗೆಡ್ಡೆಯಂತೆ ಅಗೆದರೆ ಸಿಕ್ಕುವ ವಸ್ತುವಲ್ಲ. ಒಂದು ಟನ್ ಕಲ್ಲನ್ನು ನುಣ್ಣಗೆ ಪುಡಿಮಾಡಿದರೆ ದೊರೆಯುವುದು ಗ್ರಾಮುಗಳ ಲೆಕ್ಕದ ಚಿನ್ನ. ಅದಕ್ಕೆ ಕಲ್ಲು ಕುಟ್ಟುವ ಯಂತ್ರಗಳು ಬೇಕು, ಪಾದರಸ ಬೇಕು, ಸಯನೈಡ್ ಬೇಕು, ಹೇರಳವಾದ ನೀರು ಬೇಕು, ಇವೆಲ್ಲವನ್ನೂ ನಡೆಸುವ ಶಕ್ತಿ ಬೇಕು. ಈ ಶಕ್ತಿಯ ಮಾತು ಬಂದಾಗ ನಮ್ಮ ಜಿಲ್ಲೆಯ ವಾಚಕರು ಕಿವಿ ನಿಮಿರಿಸದಿರಲಾರರು. ಕೋಲಾರದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಒದಗಿಸುವುದಕ್ಕೆಂದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರನ್ನು ಕೊಳವೆಗಿಳಿಸಿದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ತೊಡಗಿದ ಆ ಕಾರ್ಯವು ೧೯೦೨ರ ಜೂನ್ ತಿಂಗಳಲ್ಲಿ ಸಫಲವಾಗಿ, ಸುಮಾರು ೯೨ ಮೈಲಿ ದೂರ ತಂತಿಯ ಮೇಲೆ ಹರಿದ ಶಕ್ತಿಯು ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಅದು ಜಗತ್ತಿನ ಬಹು ಉದ್ದದ ವಿದ್ಯುನ್ಮಾರ್ಗಗಳಲ್ಲಿ ಒಂದು. ಬೇಸಗೆಯಲ್ಲಿ ಹೊಳೆ ಸೊರಗಿದರೆ ಗಣಿಗಳಿಗೆ ಶಕ್ತಿ ಸಾಲದು. ೧೯೧೧ರಲ್ಲಿ ಕೃಷ್ಣರಾಜಸಾಗರದ ಕಟ್ಟೆಯ ಕೆಲಸವು ಆರಂಭವಾದುದಕ್ಕೆ ಬೇಸಾಯದೊಡನೆ ಈ ಕಾರಣವೂ ಸೇರಿತ್ತು. ನಮ್ಮ ಗದ್ದೆಗಳಿಗೆ ಬಂದ ನಾಲೆಯ ನೀರಿಗೂ ಕೋಲಾರದ ಚಿನ್ನಕ್ಕೂ ಹೀಗೆ ಒಂದು ಹಳೆಯ ನೆಂಟಸ್ತಿಕೆಯಿದೆ.

ಆದುದರಿಂದ ಹೊಳಲಿನಂಥ ಒಂದು ಊರಿನಲ್ಲಿ ಕುಳಿತು ಈ ಚಿತ್ರವನ್ನು ನೋಡುವವನಿಗೆ ಒಂದು ಸಹಜವಾದ ಸಂದೇಹ ಹುಟ್ಟಿದರೆ ಅವನನ್ನು ಕುಚೋದ್ಯಗಾರನೆನ್ನಲಾಗದು. ನರಾಚಿಯ ಕಲ್ಲು ಚಿನ್ನವಾದುದು ಎಲ್ಲಿ, ಹೇಗೆ? ಸಾವಿರಾರು ಜನರನ್ನು ಕದ್ದು ತಂದು ಕೂಡಿಹಾಕಿದ ಆ ಊರಿಗೆ ದಿನದಿನವೂ ಅನ್ನ, ನೀರು, ಸಿಡಿಮದ್ದುಗಳು ಯಾವ ದಾರಿಯಲ್ಲಿ ಬಂದುವು? ತಂದವರು ಯಾರೂ ಬಾಯಿ ಬಿಡಲಿಲ್ಲವೆ? ಮಕ್ಕಳನ್ನು, ಗಂಡಂದಿರನ್ನು ಕಳೆದುಕೊಂಡ ಸಾವಿರಾರು ಮನೆಗಳವರು ಎಲ್ಲಿಯೂ ದೂರು ಕೊಡಲಿಲ್ಲವೆ? ಕಥೆ ಇವುಗಳಿಗೆ ತಕ್ಕ ಉತ್ತರವನ್ನು ಕೊಡುವುದಿಲ್ಲ. ದೊಡ್ಡ ಹೆಬ್ಬಾಗಿಲೊಂದನ್ನೂ ಅದರ ಮುಂದೆ ಬಂದೂಕು ಹಿಡಿದವರನ್ನೂ ತೋರಿಸಿ ಮುಂದೆ ಸಾಗುತ್ತದೆ. ವಿಚಿತ್ರವೆಂದರೆ, ಈ ಚಿತ್ರವನ್ನು ತೆಗೆದ ತಾಣಗಳಲ್ಲಿ ಕೋಲಾರದ ಗಣಿಯೂರಿನ ಸಯನೈಡ್ ದಿಬ್ಬಗಳೂ ಸೇರಿವೆ. ನೂರು ವರುಷಕ್ಕೂ ಮೀರಿ ಪುಡಿಮಾಡಿ ಚಿನ್ನವನ್ನು ಹಿಂಡಿ ಎಸೆದ ಕಲ್ಲಿನ ಹಿಟ್ಟೇ ಆ ದಿಬ್ಬ. ಪ್ರಶ್ನೆಗೆ ಉತ್ತರವು ನಟರ ಕಾಲಡಿಯಲ್ಲಿಯೇ ಬಿದ್ದಿತ್ತು; ಕಥೆಗಾರನು ಬಗ್ಗಿ ನೋಡಲಿಲ್ಲ.

ಎರಡನೆಯದು ನಿರೂಪಕನ ವಿಷಯ. ಈ ಕಥೆಯನ್ನು ಹೇಳುವವನು ಆನಂದ ಇಂಗಳಗಿ ಎಂಬ ಪತ್ರಕರ್ತ. ಎರಡನೆಯ ಭಾಗದಲ್ಲಿ ಅವನ ಮಗ ವಿಜಯೇಂದ್ರ. ಸರ್ಕಾರವು ಸುಡಿಸಿದ ಪುಸ್ತಕವೊಂದರಿಂದ ಕಥೆ ಹೊರಡುವುದೆಂಬುದು ಚೆಲುವಾದ ಯುಕ್ತಿ. ಆದರೆ ಪತ್ರಕರ್ತನೆಂದ ಮೇಲೆ ಅವನು ಕಂಡದ್ದನ್ನೋ ಕೇಳಿದ್ದನ್ನೋ ಹೇಳಬೇಕಷ್ಟೆ. ಮುಚ್ಚಿದ ಕೋಣೆಯಲ್ಲಿ ಇಬ್ಬರೇ ಆಡಿದ ಮಾತು, ಸತ್ತುಹೋದವರ ಕೊನೆಯ ಯೋಚನೆ, ಹಸುಳೆಗೆ ತಾಯಿ ಹೇಳಿದ ಬುದ್ಧಿ, ಎಲ್ಲವೂ ಅವನಿಗೆ ಒಂದೇ ಸಮನಾಗಿ ಗೊತ್ತು. ಭಾರತದಲ್ಲಿ ಸಂಜಯನಿಗೆ ಕುರುಕ್ಷೇತ್ರವೆಲ್ಲ ಕಾಣಬೇಕಾದರೆ ವ್ಯಾಸರು ಅವನಿಗೆ ದಿವ್ಯದೃಷ್ಟಿಯನ್ನು ಕೊಡಬೇಕಾಯಿತು. ಹಳೆಯ ಕವಿಗೆ ಇದ್ದ ಈ ಎಚ್ಚರವು ಹೊಸ ಚಿತ್ರಕ್ಕೆ ಇರಬಾರದೆ? ಇನ್ನೂ ಒಂದು ಮಾತು. ಕಥೆಯ ಚೌಕಟ್ಟನ್ನು ಹಿಡಿದು ನಿಂತಿರುವವನು ಪತ್ರಕರ್ತನೇ ಹೊರತು ನರಾಚಿಯಿಂದ ಬದುಕಿ ಬಂದ ಒಬ್ಬ ಕೂಲಿಗಾರನಲ್ಲ. ಇದನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಮೂರನೆಯದು ಪ್ರತಿನಾಯಕರದು. ವೀರನ ಎತ್ತರವನ್ನು ಅಳೆಯುವುದು ಅವನ ಹಗೆಯ ಎತ್ತರದಿಂದ. ರನ್ನನ ಗದಾಯುದ್ಧದಲ್ಲಿ ಕಥಾನಾಯಕನು ಭೀಮನಾದರೂ, ರಣರಂಗದಲ್ಲಿ ಬಿದ್ದ ತನ್ನವರನ್ನು ಒಬ್ಬೊಬ್ಬರನ್ನಾಗಿ ಕಂಡು ಮರುಗುವ ದುರ್ಯೋಧನನಿಗಾಗಿ ನಮ್ಮ ಕಣ್ಣು ಒದ್ದೆಯಾಗುವುದು. ಅವನನ್ನು ಗೆದ್ದುದರಿಂದಲೇ ಭೀಮನ ಗೆಲವು ಗೆಲವಾಯಿತು. ‘ಕೆ.ಜಿ.ಎಫ್.’ನ ಗರುಡನಿಗೆ ಕೆಂಡದಂಥ ಕಣ್ಣುಗಳಿವೆ, ಒಳಗೊಂದು ಮನಸ್ಸಿಲ್ಲ. ಎರಡನೆಯ ಭಾಗದ ಪ್ರತಿನಾಯಕನಂತೂ ನಾಯಕನನ್ನು ಗುಂಡಿಟ್ಟು ಕೆಡವಿ, ಕೊಲ್ಲದೆ ಬಿಡುತ್ತಾನೆ. ಏಕೆ ಬಿಟ್ಟನೆಂಬುದಕ್ಕೆ ಅವನು ಹೇಳುವ ಮಾತು ಏನೇ ಇರಲಿ, ನಿಜವಾದ ಕಾರಣವು ಒಂದೇ: ಚಿತ್ರವು ಇನ್ನೂ ಅರ್ಧ ಉಳಿದಿದೆ. ಪಾತ್ರವು ತನ್ನ ಸ್ವಭಾವದಿಂದ ನಡೆಯದೆ ಕಥೆಗಾರನ ಅನುಕೂಲಕ್ಕಾಗಿ ನಡೆದಾಗ ಕಥೆಯ ಹೊಲಿಗೆ ಹೊರಗೆ ಕಾಣುವುದು. ಇದಕ್ಕೆ ಕಲಶವಿಟ್ಟಂತೆ, ಲೋಕವನ್ನೇ ನಡುಗಿಸಬೇಕಾದ ಈ ಪ್ರತಿನಾಯಕನಿಗೆ ಇಟ್ಟಿರುವ ಹೆಸರು ‘ಅಧೀರ’. ಧೈರ್ಯವಿಲ್ಲದವನೆಂಬುದಲ್ಲವೆ ಆ ಪದದ ಅರ್ಥ? ಹೆಸರಿಡುವ ಮುನ್ನ ನಿಘಂಟನ್ನು ಒಮ್ಮೆ ತೆರೆಯಬಹುದಾಗಿತ್ತು.

ನಾಲ್ಕನೆಯದು ಮಾತಿನದು. ರಸವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದು ದೋಷವೆಂದು ಆಲಂಕಾರಿಕರು ಸ್ವಶಬ್ದವಾಚ್ಯತ್ವವೆಂಬ ಹೆಸರಿನಲ್ಲಿ ವಿವರಿಸಿದ್ದಾರೆ. ‘ಇಲ್ಲಿ ಶೋಕವುಂಟಾಯಿತು’ ಎಂದು ಬರೆದರೆ ಓದುಗನಿಗೆ ಶೋಕ ಹುಟ್ಟದು. ಈ ಚಿತ್ರಗಳಲ್ಲಿ ನಾಯಕನು ಏನು ಮಾಡಿದನೆಂಬುದಕ್ಕಿಂತ ಅವನು ಎಂಥವನೆಂದು ಇತರರು ಹೇಳುವುದು ಹೆಚ್ಚು. ಪತ್ರಕರ್ತನು ಹೊಗಳುವನು; ಶತ್ರುವಿನ ಬಂಟನು ಹೊಗಳುವನು; ಶತ್ರುವೂ ಹೊಗಳುವನು; ಯಾರೂ ಇಲ್ಲದಾಗ ನಾಯಕನೇ ತನ್ನನ್ನು ಹೊಗಳಿಕೊಳ್ಳುವನು. ಎದುರಿಗಿರುವವನೊಡನೆ ಯಾರೂ ಮಾತನಾಡುವುದಿಲ್ಲ. ಎಲ್ಲರೂ ಚಿತ್ರಮಂದಿರದ ಹಿಂದಿನ ಸಾಲಿನ ಶಿಳ್ಳೆಗಾಗಿ ಮಾತನಾಡುತ್ತಾರೆ. ಒಂದೊಂದು ಮಾತನ್ನು ಬಿಡಿಯಾಗಿ ತೆಗೆದರೆ ಚುರುಕಾಗಿಯೇ ಇದೆ. ಆದರೆ ಊಟದ ಎಲೆಯ ತುಂಬ ಉಪ್ಪಿನಕಾಯಿಯನ್ನೇ ಬಡಿಸಿದರೆ ಉಣ್ಣುವುದೇನನ್ನು?

ಐದನೆಯದು ನಾಯಿಕೆಯದು. ರೀನಾಳನ್ನು ನಾಯಕನು ಒಲಿಸಿಕೊಳ್ಳುವುದಕ್ಕೆ ಒಂದು ನಿಜವಾದ ಸಂದರ್ಭವಿಲ್ಲ. ಬೇಡವೆಂದವಳನ್ನು ಬಿಡದೆ ಹಿಂಬಾಲಿಸುತ್ತಾನೆ. ಎರಡನೆಯ ಭಾಗದಲ್ಲಿ ಅವಳ ಇಚ್ಛೆಯನ್ನು ಕೇಳದೆ ನರಾಚಿಗೆ ತಂದಿರಿಸುತ್ತಾನೆ. ಕೆಲವು ದೃಶ್ಯಗಳಾದ ಮೇಲೆ ಅವಳಿಗೆ ಒಲವು ಹುಟ್ಟಿರುತ್ತದೆ. ದ್ವೇಷದಿಂದ ಒಲವಿಗೆ ಬರುವ ದಾರಿ ನಾಟಕಕ್ಕೆ ಅತ್ಯಂತ ಫಲವತ್ತಾದ ನೆಲ. ಚಿತ್ರವು ಅದನ್ನು ಉಳದೆ ಬೆಳೆಯನ್ನು ಮಾತ್ರ ಕೊಯ್ಯುತ್ತದೆ. ಕಡೆಗೆ ತಾನು ತಾಯಾಗುವ ಸುದ್ದಿಯನ್ನು ಹೇಳುವ ಹೊತ್ತಿಗೆ ಅವಳು ಗುಂಡಿಗೆ ಬಲಿಯಾಗುತ್ತಾಳೆ. ಅವಳು ಬದುಕಿದುದು ನಾಯಕನಿಗೆ ಒಲಿಯುವುದಕ್ಕಾಗಿ, ಸತ್ತುದು ಅವನಿಗೆ ಕೋಪ ಬರುವುದಕ್ಕಾಗಿ. ತಾಯಿಯ ಭಾಷೆಯನ್ನೇ ಬೆನ್ನೆಲುಬಾಗಿ ಪಡೆದ ಕಥೆಯು ಇನ್ನೊಬ್ಬ ತಾಯಿಯಾಗುವವಳನ್ನು ಇಷ್ಟು ಹಗುರವಾಗಿ ಕಂಡುದು ಆಶ್ಚರ್ಯ.

ಇನ್ನು ಎರಡನೆಯ ಭಾಗದಲ್ಲಿ ಬಲದ ಮೇರೆಯೇ ಅಳಿಸಿಹೋಗುತ್ತದೆ. ವಶಪಡಿಸಿಕೊಂಡ ಒಂದು ಸಣ್ಣ ಚಿನ್ನದ ತುಂಡಿಗಾಗಿ ನಾಯಕನು ಭಾರಿ ಬಂದೂಕನ್ನು ತಂದು ಪೋಲೀಸು ಠಾಣೆಯನ್ನೇ ಪುಡಿಮಾಡುತ್ತಾನೆ. ಪ್ರಧಾನಮಂತ್ರಿ ರಮಿಕಾ ಸೇನಳ ಎದುರಿನಲ್ಲಿಯೇ, ಪಾರ್ಲಿಮೆಂಟಿನೊಳಗೆ, ಗುರು ಪಾಂಡಿಯನ್ ಎಂಬ ರಾಜಕಾರಣಿಯನ್ನು ಕೊಂದು ಹೊರಟುಹೋಗುತ್ತಾನೆ. ಒಳಕ್ಕೆ ಬಿಟ್ಟವರಾರು? ಹೊರಕ್ಕೆ ಬಿಟ್ಟವರಾರು? ಹಾಗೆ ಮಾಡಬಲ್ಲವನಿಗೆ ಇಡೀ ರಾಜ್ಯಾಂಗವು ತಡೆಯಾಗದೆಂದ ಮೇಲೆ, ಕೊನೆಯಲ್ಲಿ ಅದೇ ರಾಜ್ಯಾಂಗದ ಸೇನೆಯಿಂದ ಅವನು ನಾಶವಾಗುವುದನ್ನು ನಾವು ಹೇಗೆ ನಂಬಬೇಕು? ಭೂಮಿಯನ್ನು ಸುತ್ತಿ ಕಾಲವನ್ನು ಹಿಂದಿರುಗಿಸಿದ ಸೂಪರ್‌ಮ್ಯಾನನ ದೋಷವೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ.

ಹೀಗೆ ಬಿರುಕುಗಳನ್ನು ಎಣಿಸುತ್ತ ಹೋಗುವುದು ಕಷ್ಟವಲ್ಲ. ಅದಷ್ಟೇ ಆಗಿದ್ದರೆ ಈ ಲೇಖನವನ್ನು ಬರೆಯುವ ಶ್ರಮವೂ ಬೇಕಿರಲಿಲ್ಲ. ಬಿರುಕುಗಳು ಎಷ್ಟೆಂಬುದಕ್ಕಿಂತ ಎಲ್ಲಿ ಬಿದ್ದಿವೆಯೆಂಬುದು ಮುಖ್ಯ. ಕಲ್ಲು ಚಿನ್ನವಾದುದು ಹೇಗೆಂದು ಕೇಳಿದೆವು. ಉತ್ತರವು ಕೂಲಿಗಾರನ ಕೈಯಲ್ಲಿತ್ತು. ಊರಿಗೆ ಅನ್ನ ಬಂದುದು ಹೇಗೆಂದು ಕೇಳಿದೆವು. ಉತ್ತರವು ಅವನ ಹೊಟ್ಟೆಯಲ್ಲಿತ್ತು. ಕಥೆಯನ್ನು ಕಂಡವರಾರೆಂದು ಕೇಳಿದೆವು, ಕಂಡವನು ಅವನೇ. ಎರಡನೆಯ ಭಾಗದಲ್ಲಿ ಇದಕ್ಕಿಂತಲೂ ದೊಡ್ಡ ಪ್ರಶ್ನೆಯೊಂದು ಏಳುತ್ತದೆ. ಗರುಡನನ್ನು ಕೊಂದು ಜನರನ್ನು ಬಿಡಿಸಿದ ನಾಯಕನು ಗಣಿಯ ಬಾಗಿಲನ್ನು ತೆರೆದು ಅವರನ್ನು ಅವರವರ ಊರಿಗೆ ಕಳುಹಿಸುವುದಿಲ್ಲ. ಇನ್ನೂ ಹೆಚ್ಚು ಅಗೆಸುತ್ತಾನೆ. ನಿನ್ನೆಯವರೆಗೆ ಸಂಕೋಲೆಯಲ್ಲಿ ಅಗೆದವರು ಇಂದು ಜಯಕಾರ ಹಾಕುತ್ತ ಅಗೆಯುತ್ತಾರೆ. ಬಿಡುಗಡೆಯೆಂದರೆ ಒಡೆಯನ ಬದಲಾವಣೆಯೆ? ಮನೆಗೆ ಹೋಗುತ್ತೇನೆಂದು ಒಬ್ಬನೂ ಏಕೆ ಹೇಳುವುದಿಲ್ಲ? ಕೂಲಿ ಎಷ್ಟೆಂದು ಒಬ್ಬನೂ ಏಕೆ ಕೇಳುವುದಿಲ್ಲ? ಮಗನನ್ನು ಕಳೆದುಕೊಳ್ಳುವ ಫಾತಿಮಾ ಎಂಬ ತಾಯಿಯ ಪಾತ್ರದಲ್ಲಿ ಮಾತ್ರ ಕಥೆ ಒಂದು ಬಾಗಿಲನ್ನು ಸ್ವಲ್ಪ ತೆರೆದು ಇಣುಕುತ್ತದೆ. ಮರುಕ್ಷಣವೇ ಬಂದೂಕಿನ ಸದ್ದಿನಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಕೊನೆಗೆ ನಾಯಕನು ಚಿನ್ನವನ್ನೆಲ್ಲ ಹಡಗಿಗೆ ತುಂಬಿಕೊಂಡು ಅದರೊಡನೆ ಕಡಲಲ್ಲಿ ಮುಳುಗುತ್ತಾನೆ. ತಾಯಿಯ ಭಾಷೆ ನೆರವೇರಿತೆಂದು ಸಂಗೀತವು ಮೊಳಗುತ್ತದೆ. ಆ ಚಿನ್ನ ಯಾರದು? ಅದನ್ನು ಅಗೆದು ಸತ್ತವರ ಮಕ್ಕಳಿಗೆ ಅದರಲ್ಲಿ ಒಂದು ಗುಲಗಂಜಿಯಷ್ಟಾದರೂ ಪಾಲಿಲ್ಲವೆ? ಈ ಪ್ರಶ್ನೆ ಚಿತ್ರದ ಯಾವ ಪಾತ್ರಕ್ಕೂ ಹೊಳೆಯುವುದಿಲ್ಲ.

ಕಥೆಯ ತೂತುಗಳಲ್ಲಿ ದೊಡ್ಡವೆಲ್ಲ ಬಿದ್ದಿರುವುದು ಕೂಲಿಗಾರನು ನಿಲ್ಲಬೇಕಾಗಿದ್ದ ಸ್ಥಳದಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ಅವನನ್ನು ಮನುಷ್ಯನೆಂದು ಭಾವಿಸಿ ಬರೆದಿದ್ದರೆ ಅವನು ಉಣ್ಣುವುದು, ದುಡಿಯುವುದು, ಪ್ರಶ್ನಿಸುವುದು, ಬೇಡವೆನ್ನುವುದು ತಾವಾಗಿಯೇ ಕಥೆಗೆ ಬರುತ್ತಿದ್ದುವು. ಅವುಗಳೊಡನೆ ಕಾರಣಕಾರ್ಯಗಳ ಸರಪಳಿಯೂ ಬರುತ್ತಿತ್ತು. ಅವನನ್ನು ನಾಯಕನ ಹಿಂದಿನ ಪರದೆಯಾಗಿ ಮಾತ್ರ ಬಳಸಿದುದರಿಂದ ಸರಪಳಿಯ ಕೊಂಡಿಗಳು ಕಳಚಿದುವು.

ಇದು ಬರಿಯ ಊಹೆಯಲ್ಲ. ನಿಜವಾದ ಕೋಲಾರದ ಗಣಿಗಾರನು ಮೂಕನಾಗಿರಲಿಲ್ಲ. ತಮಿಳುನಾಡು, ಆಂಧ್ರಗಳ ಬರಡು ಸೀಮೆಗಳಿಂದ ಬಂದ ಬಡ ಜನರು, ಅವರಲ್ಲಿ ಬಹುಮಂದಿ ದಲಿತರು, ನೆಲದ ಕೆಳಗೆ ಮೂರು ಕಿಲೋಮೀಟರುಗಳಿಗೂ ಆಳಕ್ಕೆ ಇಳಿದರು. ಅಲ್ಲಿ ಕಲ್ಲಿನ ಬಿಸಿ ೬೦ ಡಿಗ್ರಿಗೂ ಮೇಲೆ. ಬಂಡೆಗಳು ಒತ್ತಡ ತಾಳಲಾರದೆ ಸಿಡಿಯುವುವು. ಕಲ್ಲಿನ ಧೂಳು ಎದೆಯೊಳಗೆ ಸೇರಿ ಸಿಲಿಕೋಸಿಸ್ ರೋಗವಾಗುವುದು. ೧೯೩೦ರಲ್ಲಿ ಎಲ್ಲ ಕೆಲಸಗಾರರ ಬೆರಳಚ್ಚನ್ನು ದಾಖಲಿಸಬೇಕೆಂಬ ಕಟ್ಟಳೆ ಬಂದಾಗ, ನಮ್ಮನ್ನು ಕಳ್ಳರಂತೆ ಕಾಣುವುದು ಸಲ್ಲದೆಂದು ಅವರು ಒಟ್ಟಾಗಿ ಕೆಲಸವನ್ನು ನಿಲ್ಲಿಸಿದರು. ೧೯೪೬ರ ಮುಷ್ಕರದ ಕಾಲದಲ್ಲಿ, ನವೆಂಬರ್ ೪ರಂದು, ಪೋಲೀಸರ ಗುಂಡಿಗೆ ಆರು ಮಂದಿ ಬಲಿಯಾದರು. ಒಟ್ಟು ಸುಮಾರು ೮೦೦ ಟನ್ ಚಿನ್ನವನ್ನು ಕೊಟ್ಟ ಆ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದುವು. ಬಳಿಕ ಅಲ್ಲಿಯ ಸಾವಿರಾರು ಮಂದಿ ಹೊಟ್ಟೆಪಾಡಿಗಾಗಿ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರತೊಡಗಿದರು. ಬೆರಳಚ್ಚು ಕೊಡೆವೆಂದು ನಿಂತ ಆ ಜನರಿಗೆ ಅತಿಮಾನವನೊಬ್ಬನು ಬಂದು ಬುದ್ಧಿ ಹೇಳಬೇಕಾಗಿರಲಿಲ್ಲ. ಅವರ ಚರಿತ್ರೆಯಲ್ಲಿ ಚಿತ್ರಕಥೆಗೆ ಬೇಕಾದ ಎಲ್ಲವೂ ಇದ್ದುವು: ಬಲಿಷ್ಠ ಎದುರಾಳಿ, ಭಯ, ಬೆಲೆ, ಮೇರೆ, ಧೈರ್ಯ.

ಇಲ್ಲಿ ಪೂರ್ವಪಕ್ಷವೊಂದಿದೆ. ‘ಮೂರು ಗಂಟೆಯ ವಿನೋದಕ್ಕೆ ಇಷ್ಟು ತರ್ಕವೇಕೆ? ದಿನವೆಲ್ಲ ದುಡಿದು ಬಂದವನು ಶಿಳ್ಳೆ ಹಾಕಿ ನಕ್ಕು ಹೋಗಲಿ, ಬಿಡಿ’ ಎನ್ನುವರು. ಮಾತು ಉದಾರವಾಗಿ ಕಂಡರೂ ಒಳಗೆ ತಾತ್ಸಾರವಿದೆ. ದುಡಿದು ಬಂದವನಿಗೆ ಹೊಲಿಗೆ ಬಿಟ್ಟ ಅಂಗಿ ಸಾಕೆಂದು ನಾವು ಹೇಳುವುದಿಲ್ಲ. ಹೊಲಿಗೆ ಬಿಟ್ಟ ಕಥೆ ಮಾತ್ರ ಸಾಕೆಂದು ಏಕೆ ಹೇಳಬೇಕು? ನೀಲಗಾರರ ಮುಂದೆ ರಾತ್ರಿಯೆಲ್ಲ ಕುಳಿತವರೂ ದಿನವೆಲ್ಲ ದುಡಿದವರೇ. ಅವರಿಗೆ ಹೇಳಿದ ಕಥೆಯಲ್ಲಿ ಕಟ್ಟು ಸಡಿಲವಾಗಿರಲಿಲ್ಲ. ವಿನೋದಕ್ಕೂ ಔಚಿತ್ಯಕ್ಕೂ ವೈರವಿಲ್ಲ. ಗಿಣಿಯ ಕೊರಳು ಮುರಿದಾಗ ರಾಕ್ಷಸನು ಸತ್ತರೆ ಮಗುವಿನ ಸಂತೋಷವು ಹೆಚ್ಚುವುದೇ ಹೊರತು ಕುಗ್ಗದು.

ಇನ್ನೊಂದು ಶಂಕೆಯೂ ಉಂಟು. ಕನ್ನಡ ಚಿತ್ರವೊಂದು ಅಪರೂಪಕ್ಕೆ ಹೊರನಾಡುಗಳಲ್ಲಿ ಗೆದ್ದಾಗ ನಾವೇ ಅದರ ಹುಳುಕನ್ನು ಎತ್ತಿ ಆಡುವುದು ಸರಿಯೆ? ಗೆಲ್ಲದ ಚಿತ್ರವನ್ನು ಯಾರೂ ಅನುಕರಿಸರು. ಗೆದ್ದುದನ್ನೇ ಎಲ್ಲರೂ ಅನುಕರಿಸುವುದರಿಂದ ಅದರ ಗುಣದೋಷಗಳ ವಿವೇಚನೆಯು ಹೆಚ್ಚು ಅವಶ್ಯ. ಈ ಚಿತ್ರಗಳ ತರುವಾಯ ಕಪ್ಪು ಧೂಳು, ಮಿಂಚುವ ಕತ್ತಿ, ಹೊಗಳುವ ನಿರೂಪಕ, ಹೆಸರಿಲ್ಲದ ಜನಸ್ತೋಮ, ಇವಿಷ್ಟಿದ್ದರೆ ಕಥೆಯಾಯಿತೆಂಬ ಭ್ರಮೆ ಹಲವರಿಗೆ ಹತ್ತಿದುದನ್ನು ನಾವು ಕಂಡಿದ್ದೇವೆ. ಅನುಕರಿಸುವವರು ಅನುಕರಿಸಬೇಕಾದುದು ಮೊದಲ ಭಾಗದ ಆ ಒಂದು ದೃಶ್ಯವನ್ನು: ಕುರುಡು ಮುದುಕನ ಮುಂದೆ ನಾಯಕನ ಮೌನವು ಒಡೆದ ಕ್ಷಣವನ್ನು. ಅಲ್ಲಿ ಅದ್ಭುತವು ಹುಟ್ಟಿದುದು ನಾಯಕನ ತೋಳಿನಿಂದಲ್ಲ, ಮುದುಕನ ಪ್ರಾಣದ ಬೆಲೆಯಿಂದ.

ನಮ್ಮ ಚಿತ್ರಕಥೆಗಾರರಲ್ಲಿ ಕೌಶಲವಿಲ್ಲವೆಂದು ಯಾರೂ ಹೇಳಲಾರರು. ಹಣವಿಲ್ಲವೆಂದು ಇನ್ನು ಹೇಳುವಂತಿಲ್ಲ. ಕ್ಯಾಮರಾಕ್ಕೂ ಸಂಗೀತಕ್ಕೂ ಬೆಂಕಿಗೂ ವ್ಯಯ ಮಾಡುವ ಶ್ರದ್ಧೆಯಲ್ಲಿ ಒಂದು ಪಾಲನ್ನು ಕಾಗದದ ಮೇಲಿನ ಕೆಲಸಕ್ಕೆ ಇಡಬೇಕು. ಬರೆದು ಮುಗಿಸಿದ ಮೇಲೆ, ನಾಯಕನನ್ನು ಬದಿಗಿಟ್ಟು, ಕಥೆಯಲ್ಲಿ ಹೆಸರಿಲ್ಲದೆ ನಿಂತ ಒಬ್ಬನ ಕಣ್ಣಿನಿಂದ ಇಡೀ ಕಥೆಯನ್ನು ಒಮ್ಮೆ ಓದಿನೋಡಬೇಕು. ಅವನಿಗೆ ಅರ್ಥವಾಗದ ಎಡೆಯಲ್ಲೆಲ್ಲ ತೂತಿರುವುದು. ಅದನ್ನು ಮುಚ್ಚಿದ ಬಳಿಕ ನಾಯಕನು ಎಷ್ಟು ಎತ್ತರಕ್ಕೆ ನೆಗೆದರೂ ನಾವು ಸಂತೋಷದಿಂದ ನಂಬುವೆವು.